ಎರಡು ಟಾಕಿಯ ಗಾಡಿ

ಶಹಾಬಾದದ ಸ್ಟೇಶನ್ ರೋಡಿಗೆ ನನ್ನ ಗ್ಯಾರೇಜು.
ನೆಲಕ್ಕ ಫರಸಿ ಹಾಸೀನಿ, ಅದರ ಮ್ಯಾಲ
ಇಪ್ಪತ್ತೆರಡು ವರ್ಷದ ಆಯಿಲ್ ಕುಂತದ.

ಇವತ್ತ ಅದರ ಮ್ಯಾಲ ಸಿದ್ರಾಮನ ಪಿಕಪ್ಪು.
ಖಣಿಯಿಂದ ದೂಕಿಸಿ ತಂದಾರ ನಾಕು ಮಂದಿ,
ಅರ್ಧ ಲೋಡ್ ಕಲ್ಲು ಸಮೇತ.
"ಎಡಗಡಿ ಟಾಕಿ ಪಂಪು ಹೋಗ್ಯಾದ, ಮಿಸ್ತ್ರಿ.
ಬಲಗಡಿದು ನನ್ನದಲ್ಲ. ಅದಕ್ಕ ಕೈ ಹಚ್ಚಬ್ಯಾಡ."

ಈ ಗಾಡಿ ಕತಿ ಓಣಿಗೆಲ್ಲ ಗೊತ್ತು.
ಅಪ್ಪ ಸತ್ತಮ್ಯಾಲ ಹೊಲ ಹಂಚ್ಕೊಂಡ್ರು,
ಬೇವಿನ ಗಿಡ ಸೈತ ಟೊಂಗಿ ಎಣಿಸಿ ಹಂಚ್ಕೊಂಡ್ರು.
ಗಾಡಿ ಕೊಯ್ಯಲಿಕ್ಕ ಬರಲ್ಲ.
ಅದಕ್ಕ ಟಾಕಿ ಹಂಚ್ಕೊಂಡ್ರು:
ಎಡಕ ಸಿದ್ರಾಮ, ಬಲಕ ಅಣ್ಣ ಅಣವೀರಪ್ಪ;
ಮೂರ್ ದಿನ ಇವಂದು, ಮೂರ್ ದಿನ ಅವಂದು,
ಐತಾರ ಗಾಡೀದು.

ಡ್ಯಾಶಿನ ಕೆಳಗ ಒಂದೇ ಸ್ವಿಚ್ಚು.
ಅದನ್ನ ಹೊಳ್ಳಿಸಿದ್ರ ಖಣಿಯಿಂದ ತಾನೇ ಬರ್ತಿತ್ತು.
ಎಂಜಿನ್ನಿಗೆ ಏನು ತಿಳೀತದ,
ಕೊಟ್ಟಿದ್ದು ಕುಡೀತದ, ಓಡ್ತದ.

ಎಡಟಾಕಿ ಮುಚ್ಚಳಕ್ಕ ಕೀಲಿ ಹಾಕ್ಯಾನ,
ಹಿತ್ತಾಳಿದು, ಟ್ರಂಕಿಗೆ ಹಾಕೋವಂಥಾದ್ದು.
ನಾ ಕೇಳಲಿಲ್ಲ. ಅವನೇ ಅಂದ:
"ಹತ್ತು ಲೀಟರ್ ಹಾಕಿದ್ರ ಆರು ನಿಲ್ಲಂಗಿಲ್ಲ.
ರಾತ್ರಿ ನಳಿಗಿ ಹಚ್ಚಿ ಜಗ್ತಿದ್ದ.
ಕೀಲಿ ಹಾಕಿದಮ್ಯಾಲ ಹೆಂಗ ಜಗ್ತಾನೋ, ಅವನಿಗೇ ಗೊತ್ತು."

ಟಾಕಿ ಇಳಿಸಿದೆ. ಪಟ್ಟಿ ಬೋಲ್ಟು ಜಂಗ್ ತಿಂದು
ಒಂದು ಮುರೀತು, ಒಂದು ನನ್ನ ಬೆರಳ ತೊಗಲು ತಗೊಂತು.
ಪಂಪು ತೆಗೆದು ಮೂಸಿದೆ. ಸುಟ್ಟ ವಾಸನಿ.
ಡೀಸೆಲ್ಲಿನಾಗ ಮುಳುಗಿದ್ರ ಪಂಪು ತಣ್ಣಗಿರ್ತದ;
ಇದು ಬರಿದಾದ ಟಾಕಿಯೊಳಗ ತಿರಿಗಿ ತಿರಿಗಿ
ತನ್ನ ತಾನೇ ಸುಟಗೊಂಡದ.

ಹಂಗಾದ್ರ ಡೀಸೆಲ್ ಎಲ್ಲಿ ಹೋಯ್ತು?

ಎಂಜಿನ್ ಕುಡಿದು ಉಳಿದದ್ದು ವಾಪಸ್ ಬರ್ತದ,
ಹೊಂಟ ಟಾಕಿಗೇ ಹೋಗಿ ಸೇರಬೇಕು ಅದು.
ದಾರಿ ತೋರಿಸೋ ವಾಲ್ವು ಚಾಸಿಗೆ ಕುಂತದ, ಮುಷ್ಟಿಯಷ್ಟು.
ನಳಿಗಿ ಬಾಯಾಗ ಹಿಡಿದು ಊದಿದೆ. ಕಹಿ.
ಸ್ವಿಚ್ ಎಡಕ ಇಟ್ಟು ಊದಿದ್ರೂ ಬಲಕ್ಕ ಹೋಗ್ತದ ಉಸಿರು,
ಬಲಕ ಇಟ್ಟು ಊದಿದ್ರೂ ಬಲಕ್ಕೇ.
ಒಳಗ ಕಲ್ಲಿನ ಧೂಳು ಕೆಸರಾಗಿ ಹಿಡಕೊಂಡದ,
ಎಷ್ಟು ವರ್ಷದ್ದೋ.

ಸಿದ್ರಾಮನ್ನ ಕರೆದು ನಳಿಗಿ ಅವನ ಕೈಗೇ ಕೊಟ್ಟೆ. "ಊದು."
ಊದಿದ. ಮತ್ತೊಮ್ಮೆ ಊದಿದ.
ಉಗುಳಲಿಲ್ಲ, ಬಾಯಿ ಒರಸ್ಕೊಳ್ಳಲಿಲ್ಲ.
ಬೆರಳ ಮಡಚಿ ಏನೋ ಎಣಿಸ್ಲಿಕತ್ತಿದ,
ಲೀಟರ್ ಅನ್ಕೊಂಡೆ ನಾ.
"ಅವನ ಮಗಳ ಲಗ್ನಕ್ಕ ಹೋಗಲಿಲ್ಲ, ಮಿಸ್ತ್ರಿ," ಅಂದ.
"ಹಂದರದ ಮುಂದಿಂದೇ ಗಾಡಿ ಹೊಡ್ಕೊಂಡು ಹೋದೆ.
ಗೇರ್ ಸೈತ ಬದಲಿಸಲಿಲ್ಲ."

ನಾ ಸ್ಪ್ಯಾನರ್ ಹುಡುಕಿದಂಗ ಮಾಡಿದೆ.
ಅದು ನನ್ನ ಕೈಯಾಗೇ ಇತ್ತು.

ಸಂಜಿಗೆ ಹೊಸ ಪಂಪು ಕೂಡಿಸಿ ಸ್ವಿಚ್ ಒತ್ತಿದೆ:
ಡಬ್ಬ್ಯಾಗ ಸಿಕ್ಕ ಜೇನ್ನೊಣದಂಗ ಸಣ್ಣ ದನಿ.
ಬಿಲ್ಲು ಬರಿಯೋವಾಗ ಕೇಳಿದೆ,
"ಪಂಪು ನಿಂದು. ವಾಲ್ವು ಯಾರ ಲೆಕ್ಕಕ್ಕ?"
ಮಾತಾಡಲಿಲ್ಲ. ಹಳೇ ವಾಲ್ವು ಪೇಪರಿನಾಗ ಸುತ್ತಿ
ಅಂಗಿ ಕಿಸೇದಾಗ ಇಟ್ಕೊಂಡ.
ಎದಿ ಮ್ಯಾಲ ಡೀಸೆಲ್ ಕಲಿ ಮೂಡ್ತು.

ಗಾಡಿ ಹೊಂಟಮ್ಯಾಲ ನೋಡಿದೆ,
ಹಿತ್ತಾಳಿ ಕೀಲಿ ಫರಸಿ ಮ್ಯಾಲೇ ಬಿದ್ದದ,
ಚಾವಿ ಅದರಾಗೇ ಅದ.
ಮರೆತನೋ, ಬಿಟ್ಟನೋ.
ನಾಳೆ ಬೇಸ್ತವಾರ.
ಗಾಡಿ ಅಣವೀರಪ್ಪಂದು.