ಕಂಬಿ ಮುಗಿಯುವಲ್ಲಿ

ಶಿವರಾತ್ರಿಯ ವಿಶೇಷ ಬಸ್ಸುಗಳೆಲ್ಲ
ಡಿಪೋಕ್ಕೆ ಮರಳಿ ತೂಕಡಿಸುವ ಮಾರನೇ ದಿನ
ಅಮ್ಮನಿಗೊಂದು ರಜೆ.
ಆ ರಜೆಗೆ ಮಧುಗಿರಿ ಬೆಟ್ಟ.
ನನಗೆ ಆರು ತುಂಬಿದ ವರ್ಷದಿಂದ ಹೀಗೇ.

ಮಿಡಿಗೇಶಿಯಿಂದ ಮೊದಲ ಬಸ್ಸು.
ಅರ್ಧ ಸೀಟು ಖಾಲಿ ಇದ್ದರೂ ಅವಳು ಕೂರುವುದಿಲ್ಲ.
"ಏನ್ ರಂಗಕ್ಕ, ರಜಾದಾಗೂ ನಿಂತ್ಕಂಡೇ?"
ಕನ್ನಡಿಯಲ್ಲಿ ನಗುತ್ತಾನೆ ಡ್ರೈವರ್ ಓಬಳೇಶಣ್ಣ.
ಖಾಕಿ ಇಲ್ಲ, ಎದೆಯ ಮೇಲೆ ಹೆಸರಿನ ಪಟ್ಟಿ ಇಲ್ಲ,
ಒಗೆದೊಗೆದು ತೆಳ್ಳಗಾದ ಹಸಿರು ಚೂಡಿದಾರ,
ಗಂಡಸರ ಕ್ಯಾನ್ವಾಸ್ ಬೂಟು,
ಕೊರಳಲ್ಲಿ ಮಾತ್ರ ಅದೇ ವಿಷಲ್ಲು.
"ಬಿಚ್ಚಿಡೋದು ಮರ್ತೆ" ಅನ್ನುತ್ತಾಳೆ, ಪ್ರತಿ ವರ್ಷ.

ಬುಡದ ಅರಳಿಯಿಂದ ಎಲೆ ಕಿತ್ತು
"ಟಿಕೆಟ್, ಟಿಕೆಟ್" ಎಂದು
ನನಗೆ ಅರ್ಧ ಹರಿದು ಕೊಡುತ್ತಿದ್ದಳು.
ಹನ್ನೆರಡು ದಾಟಿದ ವರ್ಷ ಇಡೀ ಎಲೆ ಕೈಗಿಟ್ಟು
"ಇವತ್ತಿಂದ ಫುಲ್ಲು ಕಣಮ್ಮಿ" ಎಂದಾಗ
ಯಾಕೋ ಅಳು ಬಂದಿತ್ತು.
ಈಗ ಬಸ್ಸಲ್ಲಿ ಹೆಂಗಸರಿಗೆ ಸೊನ್ನೆ ರೂಪಾಯಿಯ ಚೀಟಿ.
ಬೆಟ್ಟಕ್ಕೆ ಇನ್ನೂ ಎಲೆಯೇ ಆಗಬೇಕು.

ಒಂದು ವಿಷಲ್ಲಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.
ಮುಂದೆ ನಾನು, ಹಿಂದೆ ಅವಳು.
ನೀರಿನ ದೊಣೆಯ ಹತ್ತಿರ ಒಂದು.
ಜೇನು ಕಟ್ಟಿದ ಬಂಡೆಯ ಕೆಳಗೆ ಅದೂ ಇಲ್ಲ,
ಉಸಿರೂ ಬೆರಳ ತುದಿಯಲ್ಲಿ ನಡೆಯಬೇಕು.
ಮೂರನೇ ಬಾಗಿಲ ನೆರಳಲ್ಲಿ ಉದ್ದ ನಿಲುಗಡೆ:
ಹುಳಿಯವಲಕ್ಕಿ, ರಾತ್ರಿಯೇ ಬಿಡಿಸಿಟ್ಟ ದಾಳಿಂಬೆ,
ವರ್ಷವಿಡೀ ಮನೆಯಲ್ಲಿ ಆಡದ ಮಾತು.
ಚಿಲ್ಲರೆಗೆ ಕೈ ಎತ್ತಿದ ಕುಡುಕನ ಸುದ್ದಿ,
ನಾನು ಗಣಿತದಲ್ಲಿ ಫೇಲಾದ ಸುದ್ದಿ.
ಅಪ್ಪ ಬೇರೆ ಮನೆ ಮಾಡಿದ್ದನ್ನು ಹೇಳಿದ್ದೂ ಅಲ್ಲೇ,
ದಾಳಿಂಬೆ ಕಾಳನ್ನು ಒಂದೊಂದಾಗಿ
ನನ್ನ ಅಂಗೈಗೆ ಎಣಿಸುತ್ತ.

ಆಮೇಲೆ ಬಂಡೆ ನೆಟ್ಟಗಾಗುತ್ತದೆ.
ಕಲ್ಲಲ್ಲಿ ಕೊರೆದ ಕಾಲ್ಗುಳಿ, ಪಕ್ಕಕ್ಕೆ ತುಕ್ಕು ಕಂಬಿ.
ಒಂದು ಕಡೆ ಕಂಬಿ ಮುಗಿಯುತ್ತದೆ.
ಅಮ್ಮನೂ ಅಲ್ಲೇ ಮುಗಿಯುತ್ತಾಳೆ.

ಪಾವಗಡದ ತಿರುವುಗಳಲ್ಲಿ ತೊಂಬತ್ತು ಜನರ ನಡುವೆ
ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ
ಎರಡೂ ಕೈ ಬಿಟ್ಟು ಲೆಕ್ಕ ಬರೆಯುವ ಆರ್. ರಂಗಲಕ್ಷ್ಮಿಗೆ
ಎಂದೂ ಅಲ್ಲಾಡದ ಕಲ್ಲಿನ ಮೇಲೆ ಮಂಡಿ ನಡುಗುತ್ತದೆ.
"ಓಡೋದಾದ್ರೆ ನಂಬಬೋದು ಕಣೆ.
ಇದು ಸುಮ್ನೆ ನಿಂತೈತಲ್ಲ, ಅದಕ್ಕೇ ಭಯ."

ಒಂಬತ್ತು ವರ್ಷ ಅಲ್ಲಿಂದಲೇ ತಿರುಗಿದ್ದೇವೆ,
ಮೇಲೇನಿದ್ದೀತೆಂದು ಇಳಿಯುತ್ತ ಊಹಿಸುತ್ತ.
ಒಮ್ಮೆ ಕೊಳ ಎಂದಳು, ಒಮ್ಮೆ ಮಲ್ಲಿಗೆ ತೋಟ.
ಒಮ್ಮೆ, ಬಹಳ ದಣಿದಿದ್ದ ವರ್ಷ, ಒಂದು ಮಂಚ.

ಈ ಸಲ ಕಂಬಿಯ ಕೊನೆ ಹಿಡಿದು ಕೂತವಳು
ನೀರು ಕುಡಿದಳು, ಬೂಟಿನ ದಾರ ಬಿಗಿದಳು,
ನನ್ನತ್ತ ನೋಡದೆ
ಎರಡು ಸಲ ಊದಿದಳು.

ನಾನು ಹೋದೆ. ಅಂಗೈ, ಮಂಡಿ, ಗದ್ದ, ಎಲ್ಲವೂ ಕಾಲೇ.
ಹಿಂದೆ ನೋಡಲಿಲ್ಲ,
ನೋಡಿದರೆ ಎಲ್ಲಿ ಒಂದೇ ವಿಷಲ್ಲು ಕೇಳಿಸೀತೋ ಎಂದು.
ಮೇಲೊಂದು ಪಾಳು ಗುಡಿ. ಒಳಗೆ ದೇವರಿಲ್ಲ,
ಬಾವಲಿಯ ಘಾಟು, ಗೋಡೆಯಲ್ಲಿ ಯಾರದೋ ಹೆಸರು ಕೂಡಿಸಿದ ಸುಣ್ಣ.
ಕೆಳಗೆ ಊರು, ಕೆರೆ, ಬಸ್ ನಿಲ್ದಾಣ.
ಬೆಂಕಿಪೊಟ್ಟಣದಷ್ಟು ಕೆಂಪು ಬಸ್ಸೊಂದು
ಹಿಂದಹಿಂದಕ್ಕೆ ಸರಿಯುತ್ತಿತ್ತು;
ಯಾರೋ ಊದುತ್ತಿರಬೇಕು, ಇಷ್ಟೆತ್ತರಕ್ಕೆ ಕೇಳದು.
ಕೊಳ ಇರಲಿಲ್ಲ. ಮಲ್ಲಿಗೆ ಇರಲಿಲ್ಲ.
ಗುಡಿಯ ಜಗಲಿಯ ತಣ್ಣನೆ ಕಲ್ಲಿನ ಮೇಲೆ
ಒಂದು ಮಂಚದಷ್ಟು ಜಾಗ ಇತ್ತು.
ಸ್ವಲ್ಪ ಹೊತ್ತು ಮಲಗಿದೆ.

ಇಳಿದು ಬಂದಾಗ ಅವಳು ಅದೇ ಕಂಬಿಯಲ್ಲಿ,
ಅಂಗೈ ತುಂಬ ತುಕ್ಕು.
"ಏನೈತೆ?"
"ತುದಿ ಮುಟ್ಟಲಿಲ್ಲಮ್ಮ. ಇನ್ನೊಂದಿಷ್ಟು ಇತ್ತು."

ಅಮ್ಮ ನನ್ನ ಭುಜ ಹಿಡಿದು ತಿರುಗಿಸಿ ನಿಲ್ಲಿಸಿ
ಬೆನ್ನಿಗಂಟಿದ್ದ ಬಾವಲಿ ಹಿಕ್ಕೆಯನ್ನು
ದುಪಟ್ಟಾದ ತುದಿಯಿಂದ ನಿಧಾನಕ್ಕೆ ಒರೆಸಿದಳು.
"ಆಗ್ಲಿ ಬಿಡು. ಬರೋ ವರ್ಷ ನೋಡಾನ."

ಜೇನಿನ ಬಂಡೆ ದಾಟುವ ತನಕ
ಇಬ್ಬರೂ ಮಾತಾಡಲಿಲ್ಲ.