ಲಾಳದ ಲೆಕ್ಕ

ಬರೆಯುವಾಗ ಉದ್ದ, ಕರೆಯುವಾಗ ಮೊಟಕು ನಮ್ಮ ಲೆಮ್‌ಸ್ಟರ್.
ನಲವತ್ತರ ಚಳಿಯಲ್ಲಿ ಕವಾಯತು ಕೊಟ್ಟಿಗೆಯೊಳಗೆ
ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ
ಮೇಜರ್ ಟ್ರಂಪರ್ ಕಾಗದ ಓದಿದರು.
ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು,
ಎರಡನೇ ಸಲಕ್ಕೆ ಅಕ್ಷರ ಬದಲಾಗುತ್ತವೇನೋ ಎಂಬಂತೆ.
ನಾಳೆಯಿಂದ ನೀವು ಸವಾರರಲ್ಲ, ಗೋಲಂದಾಜರು.

ನಾನು ಈನಕ್ ಪ್ರಾಸರ್, ರೆಜಿಮೆಂಟಿನ ಲಾಳಗಾರ.
ಚೀಲದಲ್ಲಿ ಒಂದು ಅರ, ಒಂದು ಇಕ್ಕಳ, ಎರಡು ಹಿಡಿ ಮೊಳೆ.
ತೋಪಿನ ಕಾಲಿಗೆ ಮೊಳೆ ಹೊಡೆಯುವುದು ಎಲ್ಲಿಗೆ?

ಶುಕ್ರವಾರ, ಸಂತೆಯ ದಿನವೇ, ಕುದುರೆಗಳನ್ನು ಕರೆದೊಯ್ದರು.
ಬೀದಿಯ ಒಂದು ಬದಿ ಹೂಕೋಸು, ಈರುಳ್ಳಿ, ಬುಟ್ಟಿಯಲ್ಲಿ ಬಾತುಕೋಳಿ;
ಇನ್ನೊಂದು ಬದಿ ನಾನೂರು ಕುದುರೆ, ನಿಲ್ದಾಣದ ಕಡೆಗೆ,
ಸಾವಿರದಾರುನೂರು ಲಾಳ ಕಲ್ಲಿನ ಮೇಲೆ.
ಬಹುಪಾಲು ನನ್ನ ಕೈಯವು. ನಿಂತು ಕೇಳಿದೆ.
ಆ ಸದ್ದಿನ ಸಂತೆಯಲ್ಲೂ ಒಂದು ಬೇರೆ:
ಟಕ್ ಟಕ್ ಟಕ್, ಟಿಣಿ.
ಡ್ಯಾಮ್ಸನ್. ಹಿಂದಿನ ಎಡಗಾಲು.
ನಿಲ್ಲಿಸಿ ಸ್ವಾಮಿ, ಒಂದೇ ಮೊಳೆ ಅಂದೆ.
ರೈಲಿಗೆ ಹೊತ್ತಾಯಿತು ಅಂದರು.

ಗುಮಾಸ್ತ ಲೂಕ್ ಗಿಟಿನ್ಸ್ ದಫ್ತರ ಬಿಚ್ಚಿ
'ಕುದುರೆ' ಎಂಬುದಕ್ಕೆ ಅಡ್ಡಗೆರೆ ಎಳೆದು
ಮೇಲೆ 'ತೋಪು' ಎಂದು ಬರೆದ.
ಬಣ್ಣ, ಎತ್ತರ, ಹಲ್ಲು ನೋಡಿ ವಯಸ್ಸು, ಸ್ವಭಾವ:
ಮಿಕ್ಕ ಕಾಲಮ್ಮುಗಳು ಇದ್ದಂತೆಯೇ ಇದ್ದವು.
ಮೂರನೇ ತೋಪಿನ ಸ್ವಭಾವ: 'ಎಡಕ್ಕೆ ಎಳೆಯುತ್ತದೆ.'
ತಮಾಷೆಗೆ ಬರೆದದ್ದಲ್ಲ.
ನನ್ನ ಅರದ ಮುಂದೆ 'ಕಳೆದಿದೆ' ಎಂದು ಬರೆದವನೂ ಅವನೇ,
ನನ್ನ ಕಡೆ ನೋಡದೆ.

ಕಲಿತೆವು. ಕೋನ, ದೂರ, ಗಾಳಿಯ ಓಟ.
ಮುಖ ಕಾಣದವನನ್ನು ಐದು ಮೈಲಿಯಾಚೆ ಕೊಲ್ಲುವ ಗಣಿತ.
ಎದೆಗೆ ಎದೆ ಕೊಟ್ಟು ನುಗ್ಗುವವರು ನಾವೆಂದು
ಮೀಸೆ ತಿರುವಿದ್ದವರಿಗೆ ಮೊದಮೊದಲು ನಾಚಿಕೆ,
ಆಮೇಲೆ ಅದೂ ಇಲ್ಲ.
ಮರಳುಗಾಡಿನಲ್ಲಿ ಸೈಲಸ್ ಬೌಂಡ್ ಪ್ರತಿ ರಾತ್ರಿ
ತನ್ನ ಟ್ರ್ಯಾಕ್ಟರಿನ ಮೂತಿಗೆ ಕಂಬಳಿ ಹೊದಿಸುತ್ತಿದ್ದ.
ಯಾರೂ ನಗಲಿಲ್ಲ.

ಇಟಲಿಯಲ್ಲಿ ಕೆಸರು.
ಲಾರಿ ಹೂತವು, ಸೈಲಸ್ಸನ ಟ್ರ್ಯಾಕ್ಟರೂ ಹೂತಿತು,
ಬೆಟ್ಟದ ಮೇಲೆ ತೋಪುಗಳು ಹಸಿದು ಕೂತವು.
ಒಂದು ನಸುಕಿಗೆ ಮಂಜಿನೊಳಗಿಂದ ಹೇಸರಗತ್ತೆಗಳು ಬಂದವು,
ಒಂದೊಂದರ ಬೆನ್ನಿಗೆ ಎಂಟೆಂಟು ಗುಂಡು.
ಸಾರ್ಜೆಂಟ್ ಕೂಗಿದ: ಲಾಳ ಕಟ್ಟಬಲ್ಲವರು ಯಾರಾದರೂ ಇದ್ದೀರಾ?

ಎಣ್ಣೆಬಟ್ಟೆ ಬಿಚ್ಚಿ ಕಳೆದುಹೋದ ಅರ ತೆಗೆದೆ.
ಗೊರಸು ಎತ್ತಿ ತೊಡೆಸಂದಿಗೆ ಒತ್ತಿಕೊಂಡೆ, ಆ ಬಿಸಿ!
ಒದ್ದಿತು. ಎರಡು ವಾರ ತೊಡೆ ನೀಲಿ.
ಅಂಥ ಸುಖ ಆ ಯುದ್ಧದಲ್ಲಿ ಬೇರೆ ಕಾಣೆ.
ನನ್ನ ಲಾಳ ಊರಿಕೊಂಡೇ ಗುಂಡು ಬೆಟ್ಟ ಹತ್ತಿತು.
ಹತ್ತಿದ ಗುಂಡು ಎಲ್ಲಿ ಬಿತ್ತೋ, ಯಾರ ಅಡುಗೆಮನೆಗೋ.
ಅದಕ್ಕೆ ಲೂಕನ ದಫ್ತರದಲ್ಲಿ ಕಾಲಂ ಇರಲಿಲ್ಲ.
ನನ್ನಲ್ಲಿದೆ.

ಈಗ ಮತ್ತೆ ಶುಕ್ರವಾರದ ಸಂತೆ.
ಎರಡೂ ಕಿವಿ ತೋಪಿಗೆ ಕೊಟ್ಟು ಬಂದವನು
ಬೂಟು ಕಳಚಿ, ಬರಿಗಾಲನ್ನು ಬೀದಿಯ ಕಲ್ಲಿಗೆ ಇಟ್ಟು ಕೂರುತ್ತೇನೆ.
ಹುಚ್ಚು ಅನ್ನುತ್ತಾರೆ; ತುಟಿ ಓದಬಲ್ಲೆ.
ಕಲ್ಲಿದ್ದಲು ಗಾಡಿ ಚರ್ಚಿನ ಮೂಲೆ ತಿರುಗುವ ಮೊದಲೇ
ಅಂಗಾಲಿಗೆ ಬರುತ್ತದೆ
ಮೂರು ಗಟ್ಟಿ, ಒಂದು ಸಡಿಲ.

ಅಡ್ಡ ಹೋಗಿ ನಿಂತೆ. ಕಾಲು ಎತ್ತಿದೆ. ಒಂದೇ ಮೊಳೆ.
ಗಾಡಿಯವನು ಹೊತ್ತಾಯಿತು ಅಂದನೋ ಏನೋ.
ತಲೆ ತಗ್ಗಿಸಿದ್ದೆ. ನನಗೆ ಕೇಳಿಸಲಿಲ್ಲ.