ಫೋರ್ ಟ್ವೆಂಟಿ

ಸ್ಕ್ಯಾನರ್ ಸಿಗಿಸಿದರೆ ಅದೇ ಅಂಕಿ:
ಪಿ, ಸೊನ್ನೆ, ನಾಲ್ಕು, ಎರಡು, ಸೊನ್ನೆ.
ಅಳಿಸುತ್ತೇನೆ.
ನಾಲ್ಕು ದಿನ ದಿಬ್ಬೂರಹಳ್ಳಿ ರಸ್ತೆಯಲ್ಲಿ ತಿರುಗಿ
ಗೂಡಿನ ವಾಸನೆ ಹೊತ್ತು ಮತ್ತೆ ಬರುತ್ತದೆ
ಹದಿಮೂರರ ಮಾಡಲ್ ಓಮ್ನಿ,
ಮೀಟರಿನ ಮೂಲೆಯಲ್ಲಿ ಅದೇ ಹಳದಿ ದೀಪ.

"ಫೋರ್ ಟ್ವೆಂಟಿ ಅಂತಲ್ಲ ಗಂಗುಲಣ್ಣ,
ಯಾರು? ಗಾಡೀನಾ, ನೀವಾ?"
ಖಮರುನ್ನೀಸಾ ನಕ್ಕರು,
ಅರ್ಧ.

ಏನು ಹೇಳಲಿ.
ಸಂಕ್ರಾಂತಿಗೆ ಮೊದಲು ಹಿಂದಿನ ಸೆನ್ಸರ್ ಬದಲಿಸಿದೆ,
ಆಮೇಲೆ ಮುಂದಿನದು,
ಆಮೇಲೆ ಹೊಗೆ ತೊಳೆಯುವ ಆ ಡಬ್ಬಿಯನ್ನೇ.
ಮೂರೂ ಬಿಲ್ಲು ಆಕೆಯ ಲೆಕ್ಕದ ಪುಸ್ತಕದಲ್ಲಿವೆ,
ನೂಲಿನ ದರದ ಪಕ್ಕ, ಪಿನ್ನು ಹೊಡೆದು.
ಎಮಿಷನ್ ವ್ಯಾನಿನ ಹುಡುಗನೊಬ್ಬ ಮಾತ್ರ
ಕೊಳವೆಯನ್ನು ಒಳಗಿಡದೆಯೇ
ಆರು ತಿಂಗಳಿಗೆ ಪಾಸು ಬರೆದುಕೊಟ್ಟ.

"ನಮ್ಮ ಬಾಣಲೆಯಲ್ಲೂ ನಿಮ್ಮ ಥರಾನೇ ಒಬ್ಬಳಿದ್ದಳು," ಅಂದರು.
"ತುದಿ ಸಿಗೋಕೆ ಮುಂಚೆ ಎಳೆಯೋಳು.
ನೂರು ಗೂಡಿಗೆ ಒಂದು ಬುಟ್ಟಿ ವೇಸ್ಟು."
ಸಿಟ್ಟು ಬಂತು. ನುಂಗಿಕೊಂಡೆ.
ಬೀಗದ ಕೈ ಮೇಜಿನ ಮೇಲಿಟ್ಟು, ಹೋಗುತ್ತಾ ಹೋಗುತ್ತಾ,
"ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೀಟಿನ ಕೆಳಗೆ
ಹಲ್ಲಿ ಲೊಚಗುಟ್ಟಿದ ಹಾಗೆ ಏನೋ ಶಬ್ದ.
ಹಂಡಿಗನಾಳ ದಾಟೋವಷ್ಟರಲ್ಲಿ ನಿಂತೇ ಹೋಗುತ್ತೆ."

ಮೂರು ತಿಂಗಳಲ್ಲಿ ಒಮ್ಮೆಯೂ
ಈ ಗಾಡಿ ನನ್ನ ಹತ್ತಿರ ತಣ್ಣಗೆ ಬಂದಿಲ್ಲ.
ಮಾರುಕಟ್ಟೆ ಮುಗಿಸಿ, ಮೂಟೆ ಇಳಿಸಿ,
ಕಾದ ಹೆಂಚಾಗಿಯೇ ಬಂದಿದೆ.

"ಒಂದು ರಾತ್ರಿ ಬಿಟ್ಟುಹೋಗಿ."
"ನಾಳೆ ಹರಾಜಿಗೆ?"
"ಆಟೋ ಕಳಿಸ್ತೀನಿ, ದುಡ್ಡು ನಂದು."

ಐದೂವರೆ. ಶಿಡ್ಲಘಟ್ಟ ಇನ್ನೂ ಕಂಬಳಿಯೊಳಗೆ.
ಮಸೀದಿಯ ಮೈಕು ಕೆಮ್ಮಿ ಗಂಟಲು ಸರಿಮಾಡಿಕೊಂಡಿತು.
ಸೀಟೆತ್ತಿದೆವು. ಎಂಜಿನ್ನು ಮುಟ್ಟಿದರೆ
ಬಾವಿಯ ಕಲ್ಲು.
ಅಫ್ರೋಜ್ ನನ್ನ ದೇವರ ಪಟದ ಮುಂದಿದ್ದ ಊದುಬತ್ತಿ ಹಚ್ಚಿ
ಮೂಗು ಮುಚ್ಚಿಕೊಂಡು ಹಿಡಿದ.
ಕೀಲಿ ತಿರುಗಿಸಿದೆ.

ಮೊದಲನೇ ಕೊಳವೆ: ಹೊಗೆ ನೆಟ್ಟಗೆ.
ಎರಡನೆಯದು: ನೆಟ್ಟಗೆ.
ಮೂರನೆಯದರ ಕುತ್ತಿಗೆಯಲ್ಲಿ ಹೊಗೆ ಬೆಚ್ಚಿತು,
ಒಳಗೆ ಸೇದಿಕೊಂಡಿತು, ಉಗುಳಿತು, ಮತ್ತೆ ಸೇದಿಕೊಂಡಿತು.
ಲೊಚ್. ಲೊಚ್. ಲೊಚ್.
"ಅಣ್ಣಾ, ಸತ್ಯ ಅಂತಿದೆ!" ಅಂದ ಅಫ್ರೋಜ್.
ಬೀಡುಕಬ್ಬಿಣದ ಮೇಲೆ ಒಂದು ಸೀಳು,
ನೆನೆದ ಗೂಡಿನಿಂದೆದ್ದ ಎಳೆಗಿಂತ ದಪ್ಪವಿಲ್ಲ.

ಎರಡೇ ನಿಮಿಷ.
ಕಬ್ಬಿಣ ಕಾಯಿತು, ಹಿಗ್ಗಿತು, ಬಾಯಿ ಮುಚ್ಚಿತು.
ಹೊಗೆ ಮತ್ತೆ ನೆಟ್ಟಗೆ,
ಏನೂ ನಡೆದೇ ಇಲ್ಲವೆಂಬ ಸಾಕ್ಷಿಯ ಹಾಗೆ.

ಅಂದರೆ ಹೊರಗಿನ ಗಾಳಿ ನುಸುಳುತ್ತಿತ್ತು.
ಸೆನ್ಸರು ಅದನ್ನು ಮೂಸಿ, ಮೂಸಿದ್ದನ್ನೇ ಹೇಳಿತು.
ಹೇಳಿದ್ದಕ್ಕೆ ಬಿಚ್ಚಿ ಗೋಣಿಚೀಲಕ್ಕೆ ಎಸೆದೆ.
ಅದರ ಜಾಗಕ್ಕೆ ಬಂದ ಹೊಸದೂ ಅದನ್ನೇ ಹೇಳಿತು.
ಚೀಲದಲ್ಲಿ ಎರಡು ಸೆನ್ಸರುಗಳಿವೆ ಈಗಲೂ,
ತಪ್ಪಿಲ್ಲದವು.
ಡಬ್ಬಿ ಇಲ್ಲ.
ಅದರ ಹೊಟ್ಟೆಯಲ್ಲಿ ಬೆಲೆಬಾಳುವ ಲೋಹವಿದೆಯೆಂದು
ಚೇಳೂರಿನ ಗುಜರಿಯವನು
ಎರಡೂವರೆ ಸಾವಿರ ಎಣಿಸಿ ಒಯ್ದಿದ್ದ.
ಆಕೆಗೆ ನಾನು ಹೇಳಿರಲಿಲ್ಲ.
ಯಾರೂ ಹೇಳುವುದಿಲ್ಲ. ಗ್ಯಾರೇಜಿನ ವಾಡಿಕೆ.

ಚಿಂತಾಮಣಿ ರಸ್ತೆಯ ವೆಲ್ಡಿಂಗ್ ಮುನಿಶಾಮಾಚಾರಿ
ಸೀಳಿನ ಎರಡೂ ತುದಿಗೆ ತೂತು ಕೊರೆದು,
ಕಾಯಿಸಿ, ಬೆಸೆದು, ಬೂದಿಯಲ್ಲಿ ಹೂತು
ಸಂಜೆಯವರೆಗೂ ಮುಟ್ಟಬೇಡ ಅಂದ.

ಮಾರನೆಯ ಬೆಳಗ್ಗೆ ಖಮರುನ್ನೀಸಾ ಬಂದರು, ಶಾಲು ಹೊದ್ದು.
ಕೀಲಿ ತಿರುಗಿಸಿ ಕಿವಿಗೊಟ್ಟರು.
ಹಲ್ಲಿ ಇಲ್ಲ. ದೀಪ ಇಲ್ಲ.
ಎಂಜಿನ್ ಆರಿಸಿ ಬಿಲ್ಲು ನೋಡಿದರು:
ವೆಲ್ಡಿಂಗ್ ಎಂಟುನೂರು.
ಅದರ ಕೆಳಗೆ, ಕಳೆಯಿರಿ, ಎರಡೂವರೆ ಸಾವಿರ.

"ಇದು ಯಾತಕ್ಕೆ?"

ಎಂಜಿನ್ನು ಇನ್ನೂ ಕಾದಿರಲಿಲ್ಲ.
ಸ್ಟೂಲು ಒರೆಸಿ ಮುಂದಿಟ್ಟು
"ಕೂತ್ಕೊಳ್ಳಿ," ಅಂದೆ.